ಒಡೆಯಬೇಕಿದ್ದ ಮಡಕೆ

ಬೇಸಿಗೆಗೆಂದು ರಾಜಾನುಕುಂಟೆಯ ರಸ್ತೆಬದಿಯಿಂದ ಹೊಸ ಮಡಕೆ ತಂದು ನೀರು ತುಂಬಿದೆ. ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ದಿಗಿಲೊಂದು ಎದೆಯಲ್ಲಿ ಎದ್ದು ಕೂತಿತು. ಎದುರುಮನೆ ಅಕ್ಕ ನೆನಪಾದರು...

ಏರ್‌ಪೋರ್ಟ್ ರಸ್ತೆಯ ಮೇಲುಸೇತುವೆ ಕಟ್ಟುತ್ತಿದ್ದ ಕಾಲ. ಜಕ್ಕೂರಿನ ನಮ್ಮ ಬಡಾವಣೆಯವರು ರಾಜ್ಯೋತ್ಸವಕ್ಕೆ ನಾಟಕ ಆಡುತ್ತಿದ್ದೆವು. ಪರದೆಯ ಹಿಂದಿನ ಸದ್ದೆಲ್ಲ ಅಕ್ಕನದೇ. ಮೊರದಲ್ಲಿ ರಾಗಿ ಆಡಿಸಿದರೆ ಮಳೆ, ತಗಡು ಅಲುಗಿಸಿದರೆ ಗುಡುಗು. ಸದ್ದು ಯಾವಾಗ ಬರಬೇಕೆಂದು ಕೈ ಎತ್ತಿ ತೋರಿಸುವುದಷ್ಟೇ ನನ್ನ ಕೆಲಸ. ತಡವಾದರೆ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದರು ಮಹಾತಾಯಿ.

ಆ ವರ್ಷದ ನಾಟಕದ ಕೊನೆಗೆ ಗಂಡನ ಸಾವು. ಹೆಣ ತೋರಿಸುವುದಿಲ್ಲ. ಹೊರಗೆಲ್ಲೋ ಮಡಕೆ ಒಡೆದ ಸದ್ದು ಕೇಳಬೇಕು, ಮನೆಯಲ್ಲುಳಿದ ಹೆಂಡತಿ ಕುಸಿಯಬೇಕು. ಆ ಸದ್ದಿಲ್ಲದಿದ್ದರೆ ನಾಟಕವೇ ಇಲ್ಲ.

ಆದರೆ ಸ್ಮಶಾನದಲ್ಲಿ ಒಡೆಯೋ ಮಡಕೆಯನ್ನು ಸುಮ್ಮಸುಮ್ಮನೆ ಯಾರು ಒಡೀತಾರೆ? ಗಂಡಸರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಅಕ್ಕ ಹೆಂಚು ಒಡೆದು ನೋಡಿದರು, ಹೂಕುಂಡ ಒಡೆದರು. ನೀರು ತುಂಬಿದ ಮಡಕೆಯ ಆ ‘ಡಬ್’ ಯಾವುದಕ್ಕೂ ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿ ಹಾಕಿದ್ದಂತೂ ಗಾಜಿನ ಲೋಟ ಬಿದ್ದ ಹಾಗಿತ್ತು. ಕೊನೆಗೆ ಅಕ್ಕ ತಾವೇ ಒಡೆಯುವುದೆಂದು ಮಡಕೆ ತಂದಿಟ್ಟರು.

ಸಾಲದ್ದಕ್ಕೆ ನಾಟಕದ ಮಾರನೆಯ ಬೆಳಿಗ್ಗೆಯೇ ಅಕ್ಕನ ಯಜಮಾನರಿಗೆ ಹೆಬ್ಬಾಳದ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್. ಅಡ್ಮಿಟ್ ಆಗಿದ್ದವರು ತಾವೇ ಹಟ ಹಿಡಿದು ಹೆಂಡತಿಯನ್ನು ನಾಟಕಕ್ಕೆ ಕಳಿಸಿದ್ದರು. ಮಡಕೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಕೊನೆಯ ದೃಶ್ಯ ಹತ್ತಿರವಾಯಿತು. ಅಕ್ಕ ನೀರು ತುಂಬಿದ ಮಡಕೆ ತಬ್ಬಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ.

“ಕೊಡಿ ಅಕ್ಕ, ನಾನ್ ಒಡೀತೀನಿ.”

“ನಿನ್ ಮನೇಲಿ ಎಳೇ ಮಕ್ಳವ್ರೆ. ಮುಟ್ಬೇಡ.”

ಒಡೆಯಬೇಕಾದ ಗಳಿಗೆ ಬಂತು. ನಾನು ಕೈ ಎತ್ತಲಿಲ್ಲ... ಹೇಗೆ ಎತ್ತಲಿ? ಹೆಂಡತಿಯ ಪಾತ್ರದವಳು ಗಾಬರಿಯಾಗಿ ಹೇಳಿದ ಮಾತನ್ನೇ ಮತ್ತೊಮ್ಮೆ ಹೇಳಿದಳು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಮನೆದೇವರ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ ಅಂದರು: “ಏನಿದ್ರೂ ನನ್ ತಲೆ ಮ್ಯಾಲಿರ್ಲಪ್ಪ. ಅವ್ರನ್ನ ಬುಟ್ಬುಡು.”

ಆಮೇಲೆ ಮಡಕೆಯನ್ನು ಭುಜದ ಮೇಲಿಂದ ಹಿಂದಕ್ಕೆ ಬಿಟ್ಟರು, ಸ್ಮಶಾನದಲ್ಲಿ ಬಿಡುವ ಹಾಗೇ.

ಆ ‘ಡಬ್’ ಸರಿಯಾಗಿಯೇ ಬಂತು, ಹೆಂಡತಿಯ ಪಾತ್ರದವಳು ಕುಸಿದಳು. ಅಕ್ಕ ಚಪ್ಪಲಿ ಕೂಡ ಮೆಟ್ಟದೆ ಆಟೋ ಹಿಡಿದು ಆಸ್ಪತ್ರೆಗೆ ಓಡಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಯಜಮಾನರು ಎದ್ದು ಓಡಾಡಿದರು. ಮುಂದಿನ ವರ್ಷ, ಯಾವ ಕಾಯಿಲೆಯೂ ಇಲ್ಲದ ಅಕ್ಕ, ಮಹಡಿ ಮೇಲೆ ಬಟ್ಟೆ ಒಣಹಾಕುತ್ತಾ ಕುಸಿದವರು ಮತ್ತೆ ಏಳಲಿಲ್ಲ...

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಕಾಕತಾಳೀಯ ಅಂತ ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಯಜಮಾನರು ಈಗಲೂ ಕೆರೆ ಸುತ್ತ ವಾಕಿಂಗಿಗೆ ಬರುತ್ತಾರೆ. ಸಿಕ್ಕಾಗಲೆಲ್ಲ ಅದೇ ಕೊರಗು: “ನಮ್ಮವಳು ಒಂದ್ ಮಾತೂ ಏಳ್ದೆ ಒಂಟೋದ್ಲು ಕಣಮ್ಮ.”

“ಹೌದಣ್ಣ” ಅನ್ನುತ್ತೇನೆ. ಪರದೆಯ ಹಿಂದೆ ಅಕ್ಕ ಅಂದ ಆ ಮಾತನ್ನು ಮಾತ್ರ ಅವರಿಗೆ ಇವತ್ತಿಗೂ ಹೇಳಿಲ್ಲ.