ಹೊಸ್ತಿಲಾಚೆಯ ಚಪ್ಪಲಿ

ಬಿಟ್ಟಂಗಾಲದ ಕಾಫಿ ಎಸ್ಟೇಟೊಂದರಲ್ಲಿ ಹಾಜರಿ, ಸಂಬಳ ಬರೆಯುವ ರೈಟರ್ ಆಗಿದ್ದೆ. ನಮ್ಮ ಜೀಪ್ ಡ್ರೈವರನಿಂದ ವಿಚ್ಛೇದನ ಪಡೆದಿದ್ದ ಹೆಂಗಸು ಆಗಾಗ ಆಫೀಸಿಗೆ ಬರುತ್ತಿದ್ದಳು. ಎಲ್ಲರೂ ಮಣ್ಣುಗಾಲಲ್ಲೇ ನುಗ್ಗುವ ಆ ಆಫೀಸಿಗೆ ಆಕೆ ಮಾತ್ರ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬರುತ್ತಿದ್ದಳು. ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. ಮಾತು ಒಂದೇ: “ನಾನು ಕೇಳ್ತಿರೋದು ನಂಗಲ್ಲ ಸಾರ್, ಮಗಳಿಗೆ.”

ಮಗಳ ಜೀವನಾಂಶದ ಬಾಕಿಯನ್ನು ಅವನ ಸಂಬಳದಲ್ಲೇ ಹಿಡಿದು ಕಟ್ಟಬೇಕೆಂದು ಕೋರ್ಟಿನಿಂದ ಕಾಗದ ಬಂತು. ಡ್ರೈವರ್ ದಿನಾ ನನ್ನ ಜೊತೆ ಬುತ್ತಿ ಬಿಚ್ಚುವವನು. ಅವನ ಹೆಸರನ್ನು ನಮ್ಮ ಹಾಜರಿ ಪುಸ್ತಕವಾದ ಚೆಕ್‌ರೋಲಿನಿಂದ ಹೊಡೆದುಹಾಕಿ, ಕಂಟ್ರಾಕ್ಟರನ ಆಳುಗಳ ಪಟ್ಟಿಗೆ ಸೇರಿಸಿದೆ; ನಮ್ಮಲ್ಲಿ ಅವನಿಗೆ ಸಂಬಳವೇ ಇಲ್ಲವೆಂದಾದರೆ ಹಿಡಿಯುವುದೂ ಇಲ್ಲ. ಎಸ್ಟೇಟಿನಲ್ಲಿ ಅದು ಒಂದು ಗೆರೆಯ ಕೆಲಸ.

ಆಕೆ ಬಂದಾಗ, “ಅವ್ನು ಕೆಲ್ಸ ಬಿಟ್ಟು ಹೋದ ಕಣಮ್ಮ,” ಎಂದೆ.

ಅಷ್ಟರಲ್ಲಿ ಡ್ರೈವರನೇ ಒಳಬಂದು, “ರೈಟ್ರೇ, ಜೀಪ್ ಕೀ ಕೊಡಿ,” ಎಂದು ಕೈಚಾಚಿದ.

ಆಕೆ ಅವನತ್ತ ತಿರುಗಲಿಲ್ಲ. ನನ್ನನ್ನೇ ನೋಡಿದಳು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿ, ಹಾಗೆಯೇ ಒಳಬಂದು ಕುರ್ಚಿ ಎಳೆದು ಕೂತಳು.

“ಈಗ ಸರಿಯಾಗಿ ಬರೀರಿ, ರೈಟ್ರೇ.”

ಅಲ್ಲಿಯವರೆಗೆ ನಾನು ಆಕೆಗೆ ಸಾರ್ ಆಗಿದ್ದೆ. ಅವನು ಇಲ್ಲೇ ಕೆಲಸದಲ್ಲಿದ್ದಾನೆಂದು ತಲೆ ಎತ್ತದೆ ಬರೆದುಕೊಟ್ಟೆ. ಆಕೆ ಹೊರಟಿದ್ದು ನನಗೆ ಚಪ್ಪಲಿಯ ಸದ್ದಿನಿಂದಲೇ ತಿಳಿಯಿತು.