ಅಂಗಿ ಬದಲಿಸುವ ವಾರ

ಟೊಲೆಡೊದ ಹೊಳೆದಂಡೆಯಲ್ಲಿ ಓಲಾಯ ನಲವತ್ತು ವರ್ಷ ಊರವರ ಅಂಗಿ ಒಗೆದಳು. ಬೂದಿನೀರಿಗೆ ಅವಳ ಬೆರಳಸಂದುಗಳು ಬಿರಿದು, ಸೊಂಟ ನೆಟ್ಟಗಾಗುವುದನ್ನೇ ಮರೆತಿತ್ತು. ಒಗೆದ ಅಂಗಿಗಳನ್ನು ಭಾನುವಾರದ ಪೂಜೆಗೆ ಮುಂಚೆ ಮನೆಮನೆಗೆ ಮುಟ್ಟಿಸಬೇಕು. ಆದರೆ ಅವನ್ನು ಶನಿವಾರವೇ ಯಾರೂ ತೊಡುವಂತಿರಲಿಲ್ಲ. ಯೆಹೂದಿಗಳ ಪವಿತ್ರ ದಿನವಾದ ಶನಿವಾರ ಶುಭ್ರ ಅಂಗಿ ತೊಟ್ಟವರು ಗುಟ್ಟಾಗಿ ಯೆಹೂದಿ ಧರ್ಮ ಪಾಲಿಸುತ್ತಾರೆಂದು ಚರ್ಚಿನ ವಿಚಾರಣಾಧಿಕಾರಿಗಳಿಗೆ ದೂರು ಹೋಗುತ್ತಿತ್ತು. ಓಲಾಯಳ ತಾಯಿಯನ್ನು ಹೀಗೇ ಕರೆದೊಯ್ದರು. ಆಕೆ ಮರಳಿ ಬರಲಿಲ್ಲ. ಅಂದಿನಿಂದ ಊರಿಗೆಲ್ಲ ಬಿಳುಪು ಹಂಚುವ ಈ ಹೆಂಗಸು ಶನಿವಾರ ಬಂತೆಂದರೆ ಎಲ್ಲರಿಗೂ ಕಾಣುವಂತೆ ಕೊಳೆ ಅಂಗಿಯಲ್ಲೇ ಓಡಾಡುತ್ತಿದ್ದಳು.

ಅಂಥದೇ ಒಂದು ಶನಿವಾರ ಮಧ್ಯಾಹ್ನ, ಉಣ್ಣೆ ಹಿಂಜುವ ಬೆನಿತೊ ನಮ್ಮ ಅಂಗಳದಲ್ಲಿ ಕುಳಿತು ನಮಗೆಲ್ಲ ಕುದುರೆವೀರರ ಕಥೆ ಓದಿ ಹೇಳುತ್ತಿದ್ದ. ರಾಕ್ಷಸನನ್ನು ಕೊಂದು ಬಂದ ವೀರನಿಗೆ ರಾಜಕುಮಾರಿಯ ದಾಸಿಯರು ಪನ್ನೀರು ಎರೆದು, ಹಾಲಿನಂಥ ಅಂಗಿ ತೊಡಿಸಿದರಂತೆ. ಬಾಗಿಲಲ್ಲಿ ನಿಂತಿದ್ದ ಓಲಾಯ ತಲೆಯ ಮೇಲಿನ ಗಂಟು ಇಳಿಸಿದಳು.

"ಅವತ್ತು ಯಾವ ವಾರನಪ್ಪಾ?"

"ಅಯ್ಯೋ ಓಲಾಯಕ್ಕ, ರಾಕ್ಷಸ ಸತ್ತಿದ್ದು ಬಿಟ್ಟು ವಾರ ಕೇಳ್ತೀಯಲ್ಲ! ಇಂಥ ಪುಸ್ತಕದಲ್ಲಿ ವಾರಗೀರ ಎಲ್ಲಾ ಬರೆಯಲ್ಲ."

ಮೊದಲು ನಕ್ಕವನು ನಾನೇ, ನಾಚಿಕೆಗೇಡಿ. ಓಲಾಯ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮೊಣಕಾಲಿಗೆ ಕೈಯೂರಿ ಗಂಟನ್ನು ಮತ್ತೆ ಹೊತ್ತುಕೊಂಡಳು.

"ಅದಕ್ಕೇ ಮತ್ತೆ, ಅವನು ಮುಂದಿನ ಪುಟದಲ್ಲೂ ಬದುಕಿರೋದು."