ಸಾವಂತ್ರಮ್ಮನ ಮುಖ ಸಾವಂತ್ರಮ್ಮಂದೇ

"ಹೊನ್ನಾಳಿಯಿಂದ ಜಗಳೂರುತನಕ ನಾನು ಫ್ಲೆಕ್ಸಿಗೇರಿಸದ ಮುಖ ಇಲ್ರೀ. ಇವತ್ತಿನವರೆಗೆ ಒಬ್ಬ ತಾಯಿಮಗ ಬಂದು ಇಳಿಸು ಅಂದಿಲ್ಲ!"

ನ್ಯಾಮತಿ ಬಸ್‌ಸ್ಟ್ಯಾಂಡ್ ಪಕ್ಕದ ಬಜ್ಜಿ ಅಂಗಡಿಯಲ್ಲಿ ಮಂಡಕ್ಕಿ ಮುಕ್ಕುತ್ತ ಗುರುಬಸವರಾಜ್ ಹೀಗೆ ಕೊಚ್ಚಿಕೊಂಡಾಗ ಸಾವಂತ್ರಮ್ಮ ಬಾಣಲೆಯಿಂದ ಕಣ್ಣೆತ್ತಲಿಲ್ಲ. ಅವನದು ಪ್ರಚಾರದ ಕಸುಬು, ಬಾಯಿಯೇ ಬಂಡವಾಳ. ಹೊರಡುವಾಗ ಮೊಬೈಲೆತ್ತಿ, "ಅಮ್ಮ, ಸ್ವಲ್ಪ ನಗ್ರಿ" ಅಂದ. ಗಿರಾಕಿಯಲ್ಲವೇ, ನಕ್ಕಳು.

ಆಕೆಯ ಬಜ್ಜಿಯೇನು ಸಾಮಾನ್ಯದ್ದೇ? ಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಶಿವಮೊಗ್ಗದ ಬಸ್ಸು ತನ್ನಷ್ಟಕ್ಕೆ ಬ್ರೇಕ್ ಹಾಕಿಕೊಳ್ಳುತ್ತಿತ್ತು. ಅತ್ತ ಸೂಳೆಕೆರೆಯ ಮೀನುಗಳು ಘಾಟಿಗೆ ಸೀನುತ್ತಿದ್ದವು. ಗಂಡ ಸತ್ತ ವರ್ಷ ಹಚ್ಚಿದ ಒಲೆ ಅದು. ಅಂದಿನಿಂದ ಗಾಣದ ಶೇಂಗಾ ಎಣ್ಣೆ ಬಿಟ್ಟು ಬೇರೆಯದನ್ನು ಮುಟ್ಟಿದವಳಲ್ಲ. ಆ ನಂಬಿಕೆಯ ಮೇಲೇ ಅಂಗಡಿ ನಿಂತಿತ್ತು.

ಮುಂದಿನ ವಾರ ಗುರುಬಸವರಾಜನ ಕಡೆಯವರು ಸರ್ಕಲ್ಲಿನಲ್ಲಿ ಪಟಾಕಿ ಸಿಡಿಸಿ ಒಂದು ಫ್ಲೆಕ್ಸ್ ಏರಿಸಿದರು. ಅದರ ನೆರಳಿಗೆ ಅರ್ಧ ಊರು ಮಧ್ಯಾಹ್ನವೇ ದೀಪ ಹಚ್ಚಿತು. ಅದರೊಳಗೆ ನಗುವ ಸಾವಂತ್ರಮ್ಮ; ಮೂಗುತಿಯೇ ಗಾಡಿಯ ಚಕ್ರದಷ್ಟು. ಪಕ್ಕದಲ್ಲಿ ಯಾವುದೋ ಕಂಪನಿಯ ಪಾಮ್ ಎಣ್ಣೆ ಪ್ಯಾಕೆಟ್ಟು. ಕೆಳಗೆ, "ನನ್ನ ಬಜ್ಜಿಯ ಗುಟ್ಟು ಇದೇ!"

ಸಂಜೆ ಖಾಯಂ ಗಿರಾಕಿ ಬೆನಕಪ್ಪ ಮೇಷ್ಟ್ರು ಬಜ್ಜಿ ಮೂಸಿ ಕೆಳಗಿಟ್ಟರು. "ಇಷ್ಟು ವರ್ಷ ಗಾಣದ್ದು ಅಂತ ತಿನ್ನಿಸಿದೆಯಲ್ಲವ್ವ."

ಸಾವಂತ್ರಮ್ಮ ಒಲೆ ಆರಿಸಿದಳು. ಉರಿ ಮಾತ್ರ ಆರಲಿಲ್ಲ; ನೆತ್ತಿಗೇರಿತು. ನೆಟ್ಟಗೆ ಗುರುಬಸವರಾಜನ ಆಫೀಸಿಗೆ ನುಗ್ಗಿದಳು.

"ಯಾರನ್ನ ಕೇಳಿ ಹಾಕ್ದೆ?"

"ಫೋಟೋಕ್ಕೆ ನಕ್ರಲ್ಲಮ್ಮ, ಅದೇ ಒಪ್ಪಿಗೆ. ಪುಕ್ಕಟೆ ಫೇಮಸ್ ಮಾಡೀನಿ, ಖುಷಿಪಡ್ರಿ." ಹಿಂದಿನ ತಾರೀಖು ಹಾಕಿದ ಒಪ್ಪಿಗೆ ಪತ್ರವನ್ನೂ ಒಂದು ರೇಷ್ಮೆ ಸೀರೆಯನ್ನೂ ಮುಂದಕ್ಕೆ ತಳ್ಳಿದ. "ಇಲ್ಲೊಂದು ಹೆಬ್ಬೆಟ್ಟು ಒತ್ರಿ."

"ನನಗೆ ಸಹಿ ಮಾಡಾಕೆ ಬರ್ತೈತೆ. ಮಾಡ್ದೇ ಇರಾಕೂ ಬರ್ತೈತೆ."

ಮರುದಿನ ಅಂಗಡಿ ಮುಚ್ಚಿ ಹೊನ್ನಾಳಿ ಬಸ್ ಹತ್ತಿದಳು. ವಕೀಲೆ ಶಾಂತಲಾ ಎಲ್ಲ ಕೇಳಿ, "ಕೇಳದೆ ಮುಖ ಬಳಸಿದ್ದೂ ತಪ್ಪು, ನೀವಾಡದ ಮಾತು ನಿಮ್ಮ ಬಾಯಿಗೆ ತುರುಕಿದ್ದೂ ತಪ್ಪು. ಕೇಸು ಹಾಕಬಹುದು. ನಿಮಗೇನು ಬೇಕು ಹೇಳ್ರಿ?" ಅಂದರು.

"ಅದನ್ನ ಇಳಿಸ್ಬೇಕು. ಸುಳ್ಳು ಅಂತ ಅಲ್ಲೇ, ಅಷ್ಟೇ ದೊಡ್ಡದಾಗಿ ಹಾಕ್ಬೇಕು."

ಗುರುಬಸವರಾಜನಿಗೂ ಕಂಪನಿಗೂ ನೋಟಿಸ್ ಹೋಯಿತು. ಎಣ್ಣೆ ಕಂಪನಿ, "ಒಪ್ಪಿಗೆ ಪಡೆದಿದ್ದೇನೆ ಅಂತ ನಮಗೆ ಬರೆದುಕೊಟ್ಟವನು ಅವನೇ" ಎಂದು ಕೈ ತೊಳೆದುಕೊಂಡಿತು. ಗುರುಬಸವರಾಜ್ ಬೆವರುತ್ತ ಅಂಗಡಿಗೆ ಓಡಿಬಂದ. ಆ ಬೆವರಿಗೆ ತುಂಗಭದ್ರೆ ಒಂದು ಗೇಣು ಏರಿತೆಂದು ನ್ಯಾಮತಿಯವರು ಆಣೆ ಮಾಡುತ್ತಾರೆ.

"ಈಗಲೇ ತೆಗೆಸ್ತೀನಮ್ಮ. ಸದ್ದಿಲ್ದಂಗೆ ಮುಗಿಸಿಬಿಡಾಣ."

"ಹಾಕುವಾಗ ಪಟಾಕಿ ಹೊಡೆದ್ಯಲ್ಲಪ್ಪ, ಈಗ್ಯಾಕೆ ಸದ್ದು ಬ್ಯಾಡ? ತಪ್ಪಾತು ಅಂತ ಹಾಕು."

"ಅದಕ್ಕೆ ಯಾರ ಮುಖ ಹಾಕ್ಲಿ?"

"ನಿಂದು. ಹಾಕಬಹುದೇನಪ್ಪ?"

ಅವನು ಕೈಯಲ್ಲಿದ್ದ ನೋಟಿಸನ್ನೊಮ್ಮೆ, ಆಕೆಯ ಮುಖವನ್ನೊಮ್ಮೆ ನೋಡಿದ. "ಹೂಂ, ಹಾಕ್ತೀನಿ" ಅಂದ.

ಎರಡು ದಿನದಲ್ಲಿ ಅದೇ ಜಾಗದಲ್ಲಿ ಗುರುಬಸವರಾಜ್ ಎದ್ದು ನಿಂತ, ಬಾಗಿಲಷ್ಟು ಅಗಲದ ಅಂಗೈ ಜೋಡಿಸಿಕೊಂಡು: "ಸಾವಂತ್ರಮ್ಮನವರದು ಗಾಣದ ಎಣ್ಣೆಯೇ. ಅವರನ್ನು ಕೇಳದೆ ಸುಳ್ಳು ಹಾಕಿದೆ. ಕ್ಷಮಿಸಿ." ಮೇಷ್ಟ್ರು ಓದಿದರು, ಬಂದರು, ತಲೆ ತಗ್ಗಿಸಿ ಎರಡು ಪ್ಲೇಟು ತಿಂದರು.

ಅವರ ಹಿಂದೆಯೇ ಬಂದ ಗುರುಬಸವರಾಜ್ ಮೋರೆ ಸಣ್ಣದು ಮಾಡಿಕೊಂಡು, "ನನ್ನ ಮುಖ ತಂದು ಬೀದೀಲಿ ನಿಲ್ಲಿಸಿಬಿಟ್ರಲ್ಲಮ್ಮ" ಅಂದ.

ಸಾವಂತ್ರಮ್ಮ ಬಜ್ಜಿ ತಿರುವಿ ಹಾಕಿದಳು.

"ಕೇಳೇ ನಿಲ್ಸೀನಲ್ಲಪ್ಪ."